ಅಲಂಕಾರದ ಈರುಳ್ಳಿಯೂ ಗುಡ್ಡದ ಗಡ್ಡೆಯೂ



1940ರಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತಿದ ತರುವಾಯ ಬೆಂಗಳೂರಿನ ಪೂರ್ವ ಅಂಚಿನಲ್ಲಿ ಬೆಳೆದ ಬಡಾವಣೆ ವಿಮಾನಪುರ. ಹಳೆಯ ವಸತಿಗೃಹಗಳಿಗೆ ಇದ್ದ ಅಂಗಳದ ಭಾಗ್ಯ ಹೊಸ ಮನೆಗಳಿಗೆ ಇಲ್ಲ. ಅಲ್ಲೀಗ ಬಾಲ್ಕನಿಯ ಕುಂಡವೇ ತೋಟ. ಇಂಥ ಕುಂಡಗಳಿಗೆ ಜನ ಬಯಸುವ ಹೂಗಳಲ್ಲಿ ಅಲಂಕಾರದ ಈರುಳ್ಳಿಯೂ ಒಂದು. ಎದೆಯೆತ್ತರದ ದಂಟಿನ ತುದಿಗೆ ನೇರಳೆ ಬಣ್ಣದ ದೊಡ್ಡ ಚೆಂಡು! ಪಟದಲ್ಲಿ ಕಂಡವರಿಗೆ ಮೋಹ ಹುಟ್ಟುವುದು ಸಹಜ. ನಗರದ ಕುಂಡದ ಮಾತು ಗುಡ್ಡದ ಹಳ್ಳಿಗಳಿಗೆ ಏಕೆ ಎಂದು ಕೇಳಬಹುದು. ನಗರ ಬಯಸಿದ ಗಡ್ಡೆ ಎಲ್ಲಿಂದಲೋ ಬರಲೇಬೇಕು. ಕೆಲವೊಮ್ಮೆ ಅದು ಯಾವುದೋ ಗುಡ್ಡದ ಇಳಿಜಾರಿನಿಂದ ಬರುತ್ತದೆ.

ಆ ನೇರಳೆ ಚೆಂಡಿನ ತವರು ಮಧ್ಯ ಏಷ್ಯಾದ ಒಣ ಬೆಟ್ಟಗಳು. ಅಲ್ಲಿ ಚಳಿಗಾಲವೆಂದರೆ ಹಿಮ. ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿ ಎದ್ದ ಗಡ್ಡೆಗೆ ಮಾತ್ರ ಹೂದಂಟು ಹೊರಡುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜನವರಿಯ ರಾತ್ರಿಗಳೂ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ಗಡ್ಡೆಯನ್ನು ಎರಡು ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟು ಒಮ್ಮೆ ಹೂ ಪಡೆಯುವ ಉಪಾಯವೇನೋ ಉಂಟು. ಮರುವರ್ಷ ಆ ಗಡ್ಡೆ ಸೊರಗುತ್ತದೆ, ಹೊಸದನ್ನು ಕೊಳ್ಳಬೇಕಾಗುತ್ತದೆ. ಇದು ಕೃಷಿಯಲ್ಲ, ಬರಿಯ ವ್ಯಾಪಾರ.

ಹಾಗಾದರೆ ವಿಮಾನಪುರದ ಕುಂಡಕ್ಕೆ ಒಗ್ಗುವ ಈರುಳ್ಳಿ ಹೂವೇ ಇಲ್ಲವೇ? ಇದೆ, ಅಡುಗೆಮನೆಯ ಬುಟ್ಟಿಯಲ್ಲಿಯೇ ಇದೆ. ಬೆಂಗಳೂರಿಗೆ ಹೊಂದಿಕೊಂಡಿರುವ ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳಲ್ಲಿ ಬೆಳೆಯುವ, 2015ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಗುಲಾಬಿ ಈರುಳ್ಳಿಯಾಗಲಿ, ಮಲೆನಾಡಿನವರು ನೀರುಳ್ಳಿಯೆಂದೂ ಉತ್ತರದವರು ಉಳ್ಳಾಗಡ್ಡಿಯೆಂದೂ ಕರೆಯುವ ಸಾಮಾನ್ಯ ಗಡ್ಡೆಯಾಗಲಿ, ಬೆಂಗಳೂರಿನ ಮೆಲುಚಳಿಗೇ ಹೂ ಬಿಡಬಲ್ಲದು. ಗಡ್ಡೆ ಮಾರುವ ರೈತನಿಗೆ ಹೊಲದಲ್ಲಿ ಹೂದಂಟು ಎದ್ದರೆ ನಷ್ಟ. ಹೂವಿಗಾಗಿ ಬೆಳೆಯುವವರಿಗೆ ಅದೇ ಲಾಭ.

ವಿಧಾನ ಸರಳ. ದಪ್ಪನೆಯ, ಗಟ್ಟಿಯಾದ ಗಡ್ಡೆಯನ್ನು ಆರಿಸಿ ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲಿ ನೆಡಬೇಕು. ತಲೆಯ ಮೂರನೆಯ ಒಂದು ಭಾಗವನ್ನು ಕತ್ತರಿಸಿ ನೆಡುವುದು ಬೀಜ ಬೆಳೆಯುವ ರೈತರ ರೂಢಿ. ಮೊಳಕೆ ಬೇಗ ಬರುತ್ತದೆ. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮನಾಗಿ ಬೆರೆತಿರಲಿ. ಕುಂಡದ ತಳದ ತೂತು ಮುಚ್ಚಿಹೋಗಬಾರದು, ಏಕೆಂದರೆ ಈರುಳ್ಳಿ ಬಳಗವು ಬಾಯಾರಿಕೆಯನ್ನು ತಾಳಿಕೊಂಡೀತು, ಕೆಸರನ್ನು ತಾಳದು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ದಿನಕ್ಕೆ ಐದಾರು ಗಂಟೆ ಬಿಸಿಲು. ಎಲೆಯ ಮೇಲೆ ಬೆಳ್ಳಿಯಂಥ ಗೀರು ಮೂಡಿದರೆ ಅದು ಥ್ರಿಪ್ಸ್ ನುಸಿಯ ಕೆಲಸ. ಬೇವಿನ ಎಣ್ಣೆಯನ್ನು ಸಾಬೂನಿನ ನೀರಿನಲ್ಲಿ ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಜನವರಿ-ಫೆಬ್ರವರಿಯ ಹೊತ್ತಿಗೆ ಟೊಳ್ಳು ದಂಟಿನ ಮೇಲೆ ನೂರಾರು ಬಿಳಿ ನಕ್ಷತ್ರಗಳ ಚೆಂಡು ಅರಳುತ್ತದೆ. ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪ್ರತಿ ಹೂವಿನಲ್ಲಿಯೂ ಪರಾಗ ಮೊದಲು ಉದುರುತ್ತದೆ. ಅದೇ ಹೂವಿನ ಶಲಾಕೆ ಆಮೇಲೆ ಪಕ್ವವಾಗುತ್ತದೆ. ಆದುದರಿಂದ ಜೇನು ಬಾರದೆ ಬೀಜ ಸರಿಯಾಗಿ ಕಟ್ಟುವುದಿಲ್ಲ. ತುಡುವೆ, ಕೋಲುಜೇನುಗಳು ಬಂದವೋ ಇಲ್ಲವೋ ಎಂಬುದನ್ನು ಕುಂಡದಲ್ಲಿ ಕಟ್ಟಿದ ಕಪ್ಪು ಬೀಜವೇ ಹೇಳುತ್ತದೆ.

ವರ್ಷವಿಡೀ ಹಸಿರು ಬೇಕೆನ್ನುವವರಿಗೆ ಮಣಿಪುರದ ಹಿತ್ತಿಲುಗಳಲ್ಲಿ ಬೆಳೆಯುವ ಚಪ್ಪಟೆ ಎಲೆಯ, ಬೆಳ್ಳುಳ್ಳಿ ವಾಸನೆಯ ಈರುಳ್ಳಿ ಸೊಪ್ಪು ಉತ್ತಮ. ಅಲ್ಲಿ ಅದಕ್ಕೆ ಮರೊಯ್ ನಾಕುಪ್ಪಿ ಎನ್ನುತ್ತಾರೆ. ಬುಡದಿಂದ ಎರಡು ಬೆರಳು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ, ಬಿಳಿ ಹೂವನ್ನೂ ಕೊಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹಿಂಡನ್ನು ಬಿಡಿಸಿ ನೆಟ್ಟರಾಯಿತು. ನಸುನೇರಳೆ ಬಣ್ಣವೇ ಬೇಕಾದರೆ ಈರುಳ್ಳಿಯ ದೂರದ ಬಂಧುವಾದ, ದಕ್ಷಿಣ ಆಫ್ರಿಕಾದ ಟುಲ್ಬಾಗಿಯಾ ಇದೆ. ನಾಯಿ, ಬೆಕ್ಕು ಸಾಕಿದವರು ಈ ಬಳಗವನ್ನೆಲ್ಲ ಅವುಗಳ ಬಾಯಿಗೆ ಎಟುಕದಂತೆ ಇಡಬೇಕು. ಈರುಳ್ಳಿ ಅವುಗಳ ರಕ್ತಕಣಗಳನ್ನು ಒಡೆಯುತ್ತದೆ.

ಇನ್ನು ಗುಡ್ಡದ ಮಾತು. ಸಹ್ಯಾದ್ರಿಯ ಜನ ಕಾಡು ಈರುಳ್ಳಿ ಎಂದು ಕರೆಯುವ ಸಸ್ಯ ನಿಜವಾಗಿ ಈರುಳ್ಳಿಯ ಕುಲದ್ದೇ ಅಲ್ಲ. ಸಸ್ಯಶಾಸ್ತ್ರದಲ್ಲಿ ಅದು ಡ್ರಿಮಿಯಾ ಇಂಡಿಕಾ. ಬೇಸಿಗೆಯ ಬರಡು ನೆಲದಲ್ಲಿ ಎಲೆಯಿಲ್ಲದೆ ಹೂದಂಟನ್ನು ಮಾತ್ರ ಎತ್ತುತ್ತದೆ, ಮಳೆ ಬಿದ್ದ ಮೇಲೆ ಎಲೆ ಬಿಡುತ್ತದೆ. ಬಿಳಿಯ ಪದರಗಳ ಗಡ್ಡೆ ಈರುಳ್ಳಿಯನ್ನೇ ಹೋಲುತ್ತದೆ. ಅದರೊಳಗೆ ಇರುವುದು ಹೃದಯದ ಬಡಿತವನ್ನೇ ಕೆಡಿಸುವ ವಿಷ. ಎಲೆಯನ್ನು ಹೊಸಕಿದಾಗ ಈರುಳ್ಳಿಯ ವಾಸನೆ ಬಾರದಿದ್ದರೆ ಅದನ್ನು ನಾಲಗೆಗೆ ಮುಟ್ಟಿಸಕೂಡದು. ಔಷಧದ ವ್ಯಾಪಾರಕ್ಕೆ ಕಾಡಿನಿಂದ ಕೀಳುತ್ತ ಬಂದಿರುವ ಈ ಗಡ್ಡೆಗೆ ಕುಂಡದ ಶೋಕಿಯೂ ಸೇರಿಕೊಂಡರೆ ಇಳಿಜಾರಿನಲ್ಲಿ ಉಳಿಯುವುದೇನು? ಹಿಮಾಲಯದ ಫರಣ್ ಎಂಬ ಕಾಡು ಈರುಳ್ಳಿಯ ಕಥೆ ಕಣ್ಣೆದುರಿಗಿದೆ. ಉತ್ತರಾಖಂಡದ ಬೆಟ್ಟದ ಜನ ಬೇಳೆಯ ಒಗ್ಗರಣೆಗೆ ಒಣಗಿಸಿಡುವ ಆ ಸಸ್ಯ, ಮಿತಿಮೀರಿ ಕಿತ್ತ ಕಾರಣ, ಭಾರತದ ಅಪಾಯದಂಚಿನ ಸಸ್ಯಗಳ ಕೆಂಪು ಪುಸ್ತಕವನ್ನು ಸೇರಿತು. ಈಗ ಅದನ್ನು ಹೊಲದಲ್ಲಿ ಬೆಳೆಸುವ ಯತ್ನ ನಡೆದಿದೆ.

ಆದುದರಿಂದ ನರ್ಸರಿಯಲ್ಲಿ ಗಡ್ಡೆ ಕೊಳ್ಳುವವರು ಅದು ಪಾತಿಯಲ್ಲಿ ಬೆಳೆದದ್ದೋ ಕಾಡಿನಿಂದ ಕಿತ್ತದ್ದೋ ಎಂದು ಕೇಳಲಿ. ಗುಡ್ಡದವರು, ಗಡ್ಡೆ ಕೇಳಿಕೊಂಡು ಬಂದವರಿಗೆ ಬೀಜವನ್ನು ತೋರಿಸಲಿ. ಕಾಡು ಈರುಳ್ಳಿಯ ಕಾಯಿ ಒಡೆದಾಗ ತೆಳುವಾದ ಕಪ್ಪು ಬೀಜ ಗಾಳಿಗೆ ಹಾರುತ್ತದೆ. ಒಂದು ದಂಟಿನದನ್ನು ಕೂಡಿಸಿದರೂ ಒಂದು ಪಾತಿಗೆ ಸಾಕು. ಹೂ ಬರಲು ಮಾತ್ರ ಹಲವು ವರ್ಷ ಕಾಯಬೇಕು.