ಗ್ರಾಮ ಪಂಚಾಯಿತಿ ಕಡತಗಳಲ್ಲಿ ಕನ್ನಡ ಅಕ್ಷರಗಳ ತೊಡಕು: ಕಾರಣ ಮತ್ತು ಪರಿಹಾರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಸಭೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಪುಟ್ಟಮ್ಮ ಎಂಬುವರು ಕೇಳುತ್ತಾರೆ. ಡಾಟಾ ಎಂಟ್ರಿ ಆಪರೇಟರ್ ಕಡತವನ್ನು ತೆರೆದು, ಹುಡುಕುವ ಚೌಕದಲ್ಲಿ ಆ ಹೆಸರನ್ನು ಟೈಪ್ ಮಾಡುತ್ತಾರೆ. ಸಿಗಲಿಲ್ಲವೆಂದು ಗಣಕಯಂತ್ರ ತೋರಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಸಭೆಗೆ ತಿಳಿಸಲಾಗುತ್ತದೆ. ಅವರು ಮನೆಗೆ ಹಿಂತಿರುಗುತ್ತಾರೆ. ಅದೇ ಪಟ್ಟಿಯ ನಾಲ್ಕನೆಯ ಪುಟದಲ್ಲಿ ಅವರ ಹೆಸರು ಸ್ಪಷ್ಟವಾಗಿಯೇ ಇರುತ್ತದೆ. ಇಲ್ಲಿ ಆಪರೇಟರ್ ಹೆಸರನ್ನು ತಪ್ಪಾಗಿ ಬರೆದಿಲ್ಲ, ಯಂತ್ರವೂ ಕೆಟ್ಟಿಲ್ಲ. ಪಟ್ಟಿಯನ್ನು ಬರೆದ ಸಂಕೇತ ಪದ್ಧತಿ ಒಂದು, ಹುಡುಕಿದ ಸಂಕೇತ ಪದ್ಧತಿ ಇನ್ನೊಂದು.

ಅಕ್ಷರ ಕಾಣದಿರುವುದು, ಒಡೆದು ಕಾಣುವುದು, ಕಂಡರೂ ಹುಡುಕಿದಾಗ ಸಿಗದಿರುವುದು ಕೇವಲ ಗಣಕಯಂತ್ರದ ಕೋಣೆಯೊಳಗಿನ ವಿಷಯಗಳೆಂದು ಸದಸ್ಯರು ಭಾವಿಸಬಾರದು. ನಡವಳಿ, ಸಭಾ ಸೂಚನೆ, ಫಲಾನುಭವಿಗಳ ಪಟ್ಟಿ ಇವೆಲ್ಲವೂ ಓದಲು ಬಂದಾಗ ಮಾತ್ರ ಸಾರ್ವಜನಿಕ ದಾಖಲೆಗಳಾಗುತ್ತವೆ.

ತೊಡಕಿನ ಮೂಲ

ಗಣಕಯಂತ್ರವು ಅಕ್ಷರಗಳನ್ನು ಅಂಕಿಗಳ ರೂಪದಲ್ಲಿ ಇರಿಸಿಕೊಳ್ಳುತ್ತದೆ. ಹಿಂದಿನ ವ್ಯವಸ್ಥೆಯಲ್ಲಿ ಒಂದು ಫಾಂಟಿಗೆ 256 ಸ್ಥಾನಗಳು ಮಾತ್ರ ಲಭ್ಯವಿದ್ದವು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದ ಕನ್ನಡಕ್ಕೆ ಅಷ್ಟು ಸಾಲದು. ಆದ್ದರಿಂದ ಅಕ್ಷರಗಳನ್ನು ತುಂಡುಗಳಾಗಿ ವಿಂಗಡಿಸಿ, ಇಂಗ್ಲಿಷ್ ಹಾಗೂ ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳು ಈ ರೀತಿಯವು. ಆ ಕಾಲದಲ್ಲಿ ಸರ್ಕಾರಿ ಕಚೇರಿಗಳಿಗೆ ಕನ್ನಡವನ್ನು ತಂದುಕೊಟ್ಟ ಉಪಕಾರ ಅವುಗಳದು. ಆದರೆ ಅವುಗಳಲ್ಲಿ ಬರೆದ 'ಕ' ಅಕ್ಷರವು ಯಂತ್ರದೊಳಗೆ ಇಂಗ್ಲಿಷಿನ ದೊಡ್ಡ 'ಪಿ' ಹಾಗೂ ತಲೆಯ ಮೇಲೆ ಗೆರೆಯುಳ್ಳ 'ಎ' ಆಗಿಯೇ ಉಳಿದಿರುತ್ತದೆ. ನುಡಿ ಫಾಂಟು ಇರುವವರೆಗೆ ಅದು 'ಕ' ಎಂದು ಕಾಣುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ.

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳಿವೆ. 'ಕ' ಅಕ್ಷರದ ಸಂಖ್ಯೆ 3221. ಅದು ಯಾವ ದೇಶದ ಯಾವ ಯಂತ್ರದಲ್ಲಿಯೂ 'ಕ' ಅಕ್ಷರವೇ ಹೊರತು ಬೇರೊಂದಲ್ಲ. ವಿಂಡೋಸ್‌ನ ತುಂಗಾ ಮತ್ತು ನಿರ್ಮಲಾ ಯುಐ, ಮೊಬೈಲುಗಳಲ್ಲಿ ಕಂಡುಬರುವ ನೋಟೊ ಸಾನ್ಸ್ ಕನ್ನಡ ಇವು ಯೂನಿಕೋಡ್ ಫಾಂಟುಗಳು. ಇಂದಿನ ಮೊಬೈಲುಗಳಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಕಾಣುತ್ತದೆ. ಹಳೆಯ ನುಡಿ ಫಾಂಟು ಮೊಬೈಲಿನಲ್ಲಿ ಇರುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಸಭಾ ಸೂಚನೆಯ ಕಡತವು ಸದಸ್ಯರಿಗೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣಲು ಬಹುತೇಕ ಇದೇ ಕಾರಣ.

ಲಕ್ಷಣ ನೋಡಿ ಕಾರಣ ಅರಿಯುವುದು

1. ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ, ಕಡತ ಹಳೆಯ ಪದ್ಧತಿಯದು ಮತ್ತು ಅದರ ಫಾಂಟು ಆ ಯಂತ್ರದಲ್ಲಿ ಇಲ್ಲ. ಕಡತ ಹಾಳಾಗಿದೆಯೆಂದು ಅಳಿಸಬಾರದು, ತಿದ್ದಬಾರದು. ಬರೆದ ಯಂತ್ರದಲ್ಲಿ ಬಳಸಿದ ಫಾಂಟನ್ನೇ ಅಳವಡಿಸಿದರೆ ಬರಹ ಮೊದಲಿನಂತೆ ಕಾಣುತ್ತದೆ.

2. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ, ಬರಹ ಯೂನಿಕೋಡಿನದು. ಆಯ್ಕೆಯಾದ ಫಾಂಟಿನಲ್ಲಿ ಕನ್ನಡವಿಲ್ಲ. ಬರಹವನ್ನು ಆಯ್ದು ತುಂಗಾ ಅಥವಾ ನಿರ್ಮಲಾ ಯುಐ ಫಾಂಟಿಗೆ ಬದಲಿಸಿದರೆ ಸಾಕು. ಲಿಬ್ರೆಆಫೀಸ್ ಬಳಸುವಲ್ಲಿ ಕನ್ನಡದ ಫಾಂಟನ್ನು ಇಂಗ್ಲಿಷಿನ ಫಾಂಟಿನಿಂದ ಪ್ರತ್ಯೇಕವಾಗಿ ಆರಿಸಬೇಕಾಗುತ್ತದೆ.

3. ಒತ್ತಕ್ಷರಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಂತರೆ, ಅಕ್ಷರಗಳನ್ನು ಜೋಡಿಸುವ ಶಕ್ತಿ ಆ ಹಳೆಯ ತಂತ್ರಾಂಶಕ್ಕಿಲ್ಲ. ಚುಕ್ಕೆಗಳಿಂದಾದ ವೃತ್ತ ಕಾಣಿಸಿದರೆ, ವ್ಯಂಜನವಿಲ್ಲದೆ ಸ್ವರಚಿಹ್ನೆಯೊಂದು ಟೈಪಾಗಿದೆ. ಅದನ್ನು ಅಳಿಸಿ ಪದವನ್ನು ಮತ್ತೆ ಬರೆಯಬೇಕು.

4. ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುವುದು ಅತಿ ಸಾಮಾನ್ಯ, ಅಷ್ಟೇ ಅಪಾಯಕರ. 'ಪುಟ್ಟಮ್ಮ' ಎಂಬುದು 'ಪುಟಮ' ಎಂದೂ 'ಕಲ್ಲಪ್ಪ' ಎಂಬುದು 'ಕಲಪ' ಎಂದೂ ಸೂಚನಾ ಫಲಕಕ್ಕೆ ಹೋಗುತ್ತವೆ. ಇದಕ್ಕೆ ಫಾಂಟು ಕಾರಣವಲ್ಲ. ಸಾಲುಗಳ ಅಂತರವನ್ನು ಅಥವಾ ಕೋಷ್ಟಕದ ಅಡ್ಡಸಾಲಿನ ಎತ್ತರವನ್ನು 'ಎಕ್ಸಾಕ್ಟ್‌ಲಿ' ಎಂದು ಬಿಗಿಗೊಳಿಸಿರುತ್ತಾರೆ. ಪುಟ ಉಳಿಸುವ ಸದುದ್ದೇಶದಿಂದ ಹೀಗೆ ಮಾಡುವುದುಂಟು. 'ಅಟ್ ಲೀಸ್ಟ್' ಎಂದು ಬದಲಿಸಿದರೆ ಒತ್ತಕ್ಷರಗಳು ಪೂರ್ಣವಾಗಿ ಕಾಣುತ್ತವೆ.

5. ಕೋಷ್ಟಕದ ಗೆರೆಗಳು ಸರಿದು, ಪುಟಗಳ ಸಂಖ್ಯೆ ಬದಲಾದರೆ, ಎರಡು ಯಂತ್ರಗಳಲ್ಲಿ ಫಾಂಟು, ಕಾಗದದ ಅಳತೆ ಅಥವಾ ತಂತ್ರಾಂಶದ ಆವೃತ್ತಿ ಬೇರೆಯಾಗಿದೆ ಎಂದರ್ಥ. 2007ರ ಆಫೀಸ್‌ನೊಂದಿಗೆ ಬಂದ 'ಡಾಕ್ಸ್' ರೂಪವನ್ನು ಅದಕ್ಕಿಂತ ಹಳೆಯ ಆಫೀಸ್ ತಾನಾಗಿ ತೆರೆಯಲಾರದು. ಹಳೆಯ 'ಡಾಕ್' ಕಡತವನ್ನು ಹೊಸ ಆವೃತ್ತಿಯು 'ಕಂಪ್ಯಾಟಿಬಿಲಿಟಿ ಮೋಡ್'ನಲ್ಲಿ ತೆರೆಯುತ್ತದೆ. ಕಾಗದ ಎ4 ಆಗಿದೆಯೇ ಎಂದು ಮೊದಲು ನೋಡಬೇಕು. ಇನ್ನು ತಿದ್ದುಪಡಿ ಬೇಡವಾದ ಅಂತಿಮ ದಾಖಲೆಯನ್ನು ಪಿಡಿಎಫ್ ಮಾಡಿ ಕಳುಹಿಸುವುದೇ ಸೂಕ್ತ. ಸಾಮಾನ್ಯವಾಗಿ ಪಿಡಿಎಫ್ ಕಡತದೊಳಗೆ ಫಾಂಟೂ ಅಡಕವಾಗುವುದರಿಂದ ಮೊಬೈಲಿನಲ್ಲಿಯೂ ಪುಟ ಕಚೇರಿಯಲ್ಲಿ ಕಂಡಂತೆಯೇ ಕಾಣುತ್ತದೆ. ಆದರೆ ಹಳೆಯ ಪದ್ಧತಿಯ ಕಡತದಿಂದ ಮಾಡಿದ ಪಿಡಿಎಫ್ ಓದಲು ಬರುತ್ತದೆಯೇ ಹೊರತು, ಅದರಲ್ಲಿ ಕನ್ನಡದ ಹೆಸರನ್ನು ಹುಡುಕಲು ಬರುವುದಿಲ್ಲ.

ಪರಿವರ್ತನೆಯಲ್ಲಿ ಎಚ್ಚರ

ಹಳೆಯ ಬರಹವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಕೇವಲ ಫಾಂಟಿನ ಹೆಸರನ್ನು ಬದಲಿಸಿದರೆ ಪರಿವರ್ತನೆ ಆಗುವುದಿಲ್ಲವೆಂಬುದನ್ನು ನೆನಪಿಡಬೇಕು. ಪರಿವರ್ತಕದ ದೊಡ್ಡ ಮಿತಿಯೊಂದಿದೆ: ಅದರ ದೃಷ್ಟಿಯಲ್ಲಿ ಪ್ರತಿಯೊಂದು ಇಂಗ್ಲಿಷ್ ಅಕ್ಷರವೂ ಕನ್ನಡದ ತುಂಡೇ. ಪಟ್ಟಿಯಲ್ಲಿ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತ, ವಾಹನ ಸಂಖ್ಯೆ ಅಥವಾ ಇ-ಮೇಲ್ ವಿಳಾಸ ಇಂಗ್ಲಿಷಿನಲ್ಲಿದ್ದರೆ ಅವು ಕನ್ನಡದ ಅಸಂಬದ್ಧ ಅಕ್ಷರಗಳಾಗಿ ಬದಲಾಗಬಹುದು. ಹಾಗೆ ಕೆಟ್ಟ ಐಎಫ್‌ಎಸ್‌ಸಿ ಸಂಕೇತದಿಂದ ಒಬ್ಬ ಫಲಾನುಭವಿಯ ಹಣ ತಡೆಯಬಹುದು.

ಆದುದರಿಂದ ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯನ್ನು ಮಾತ್ರ ಪರಿವರ್ತಿಸತಕ್ಕದ್ದು. ಇಂಗ್ಲಿಷ್ ಅಂಕಣಗಳನ್ನು ಮೂಲದಿಂದಲೇ ನಕಲಿಸಿಕೊಳ್ಳತಕ್ಕದ್ದು. ಬಳಿಕ ಒಬ್ಬರು ಮೂಲದ ಮುದ್ರಿತ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿರುವಾಗ ಇನ್ನೊಬ್ಬರು ಹೊಸ ಪ್ರತಿಯನ್ನು ತಾಳೆ ನೋಡತಕ್ಕದ್ದು. ಹೆಸರು, ಸರ್ವೆ ನಂಬರು, ಮೊತ್ತ ಈ ಮೂರರಲ್ಲಿ ಒಂದನ್ನೂ ಬಿಡುವಂತಿಲ್ಲ. ಸಹಿಯಾದ ನಡವಳಿಯ ಮೂಲ ಪ್ರತಿಯೇ ಪ್ರಮಾಣವಾದ ದಾಖಲೆ. ಪರಿವರ್ತಿತ ಕಡತ ಅನುಕೂಲಕ್ಕಾಗಿ ಮಾತ್ರ.

ಸದಸ್ಯರ ಪಾತ್ರ

ಸದಸ್ಯರು ತಂತ್ರಜ್ಞರಾಗಬೇಕಿಲ್ಲ. ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಈ ಕಡತ ಯೂನಿಕೋಡಿನಲ್ಲಿದೆಯೇ? ಸೂಚನಾ ಫಲಕಕ್ಕೆ ಹಾಕುವ ಮುನ್ನ ಮುದ್ರಿತ ಪ್ರತಿಯ ಹೆಸರುಗಳನ್ನು ಯಾರು ಓದಿ ನೋಡಿದರು? ಹೆಸರಿಲ್ಲವೆಂದು ಹೇಳುವ ಮುನ್ನ ಕಾಗದದ ಪಟ್ಟಿಯನ್ನು ನೋಡಲಾಯಿತೇ?

ಇನ್ನು ಮುಂದಿನ ಎಲ್ಲ ಬರಹವೂ ಯೂನಿಕೋಡಿನಲ್ಲಿಯೇ ಇರಬೇಕೆಂದು ಒಂದು ಠರಾವು ಅಂಗೀಕರಿಸಬಹುದು. ಇದಕ್ಕೆ ಹೊಸ ಖರ್ಚಿಲ್ಲ. ನುಡಿ ತಂತ್ರಾಂಶದ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆಯೂ ಇರುವುದರಿಂದ ಆಪರೇಟರುಗಳ ಬೆರಳುಗಳಿಗೆ ರೂಢಿಯಾದ ಕೀಲಿಮಣೆಯನ್ನೂ ಬದಲಿಸಬೇಕಿಲ್ಲ. ಹಳೆಯ ಕಡತಗಳನ್ನು ಒಮ್ಮೆಲೇ ಪರಿವರ್ತಿಸುವ ಆತುರವೂ ಬೇಡ; ಜನರು ಪದೇ ಪದೇ ಕೇಳುವ ಪಟ್ಟಿಗಳಿಂದ ಆರಂಭಿಸಿದರೆ ಸಾಕು. ಹಳೆಯ ಫಾಂಟುಗಳ ಒಂದು ಪ್ರತಿಯನ್ನು ಮಾತ್ರ ಜೋಪಾನವಾಗಿ ಕಾದಿಡತಕ್ಕದ್ದು. ಅವು ಇಲ್ಲವಾದರೆ ಹಿಂದಿನ ಕಡತಗಳನ್ನು ನೇರವಾಗಿ ಓದುವ ದಾರಿಯೇ ಇಲ್ಲವಾಗುತ್ತದೆ.

1963ರ ಕರ್ನಾಟಕ ರಾಜಭಾಷಾ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿಸಿತು. ಆ ಆಡಳಿತ ಕನ್ನಡವು ಕಚೇರಿಯ ಒಂದೇ ಯಂತ್ರದಲ್ಲಿ ಕಂಡು, ಹೊರಗಿನವರಿಗೆ ಕಾಣದೆ ಹೋದರೆ ಉದ್ದೇಶ ಈಡೇರದು. ಪುಟ್ಟಮ್ಮನವರ ಹೆಸರು ಪಟ್ಟಿಯಲ್ಲಿ ಇದ್ದರೆ, ಕೇಳಿದಾಗ ಸಿಗಲೇಬೇಕು. ಆ ಹೊಣೆ ಆಪರೇಟರ್ ಒಬ್ಬರದೇ ಅಲ್ಲ, ಇಡೀ ಪಂಚಾಯಿತಿಯದು.