ದಂಡು ಚೆದುರಿದ ಮೇಲಿನ ನಿಷ್ಠೆ

 

ಇಂದು ಜನವರಿ 26. ಬೆಳಿಗ್ಗೆ ನಿಮ್ಮ ಮಕ್ಕಳು ಶಾಲೆಯಲ್ಲಿ ಧ್ವಜಕ್ಕೆ ವಂದನೆ ಮಾಡಿ ಬಂದಿದ್ದಾರೆ. 1950ರ ಈ ದಿನ ನಮ್ಮ ದೇಶ ಗಣರಾಜ್ಯವಾಯಿತು. ಅದಕ್ಕೂ 119 ವರ್ಷ ಮೊದಲು, 1831ರ ಇದೇ ದಿನ, ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಆಲದ ಮರಕ್ಕೆ ಗಲ್ಲಿಗೇರಿಸಿದರು. ಒಂದೇ ದಿನದಲ್ಲಿ ಒಂದು ಸಂತೋಷ, ಒಂದು ದುಃಖ. ಸಂತೋಷವನ್ನು ಬೆಳಿಗ್ಗೆ ಆಚರಿಸಿದ್ದೇವೆ. ದುಃಖದ ಋಣವನ್ನು ಈಗ ನೆನೆಯೋಣ.

ಕಿತ್ತೂರಿನ ಯುದ್ಧದ ಕಥೆಯನ್ನು ನಾವು ನಿಮಗೆ ಹೇಳಬೇಕಾಗಿಲ್ಲ. ಅದು ನಿಮ್ಮ ಅಜ್ಜಿಯರ ಬಾಯಲ್ಲಿ ಇದ್ದ ಕಥೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಬಿದ್ದ. ಡಿಸೆಂಬರ್ ತಿಂಗಳಲ್ಲಿ ದೊಡ್ಡ ದಂಡು ಬಂದಿತು, ಕೋಟೆ ಹೋಯಿತು. ತಾಯಿ ಚನ್ನಮ್ಮಾಜಿ ಇದೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾದರು. ಹಿಡಿದವರಲ್ಲಿ ರಾಯಣ್ಣನೂ ಇದ್ದ. 1826ರಲ್ಲಿ ಕ್ಷಮೆ ಕೊಟ್ಟು ಅವನನ್ನು ಬಿಟ್ಟರು.

ನಾವು ಇಂದು ನಿಲ್ಲಬೇಕಾದದ್ದು ಇಲ್ಲಿ. ಯುದ್ಧ ಮುಗಿದಿದೆ. ಅರಸೊತ್ತಿಗೆ ಮುಳುಗಿದೆ. ಅಪ್ಪಣೆ ಕೊಡುವವರಿಲ್ಲ, ಸಂಬಳ ಕೊಡುವವರಿಲ್ಲ. ಸಿಪಾಯಿ ಮನೆಗೆ ಬಂದಿದ್ದಾನೆ. ಅವನು ಹೊಲ ಉತ್ತುಕೊಂಡು, ರೊಟ್ಟಿ ತಿಂದುಕೊಂಡು ಇದ್ದಿದ್ದರೆ ಯಾರು ತಪ್ಪು ಎನ್ನುತ್ತಿದ್ದರು? ಯಾರೂ ಎನ್ನುತ್ತಿರಲಿಲ್ಲ. ‘ಪಾಪ, ತನ್ನ ಪಾಲಿನದು ಮಾಡಿ ಬಂದ’ ಎಂದೇ ಅನ್ನುತ್ತಿದ್ದರು.

ಆದರೆ ರಾಯಣ್ಣನದು ಶೇತಸನದಿಯ ಮನೆತನ. ಊರನ್ನು ಕಾಯುವ ಸೇವೆಗೆ ಪ್ರತಿಯಾಗಿ ಸಂಸ್ಥಾನ ಕೊಟ್ಟ ಭೂಮಿಯನ್ನು ಉಂಡ ಮನೆತನ. ಹೊಸ ಸರಕಾರ ಅಂಥವರ ಭೂಮಿಗೆ ಕೈ ಹಾಕಿತು, ಉಳಿದ ಭೂಮಿಯ ಮೇಲೆ ತೆರಿಗೆ ಏರಿಸಿತು. ತೆರಿಗೆ ಕೊಡಲಾಗದ ತಾಯಿ ಕೆಂಚಮ್ಮನ ಬೆನ್ನ ಮೇಲೆ ಕಲ್ಲು ಹೊರಿಸಿ ಬಿಸಿಲಲ್ಲಿ ನಿಲ್ಲಿಸಿದರೆಂದು ಲಾವಣಿಕಾರರು ಹಾಡುತ್ತಾರೆ. ಆ ಕಲ್ಲು ಒಬ್ಬ ಕೆಂಚಮ್ಮನ ಬೆನ್ನ ಮೇಲೆ ಮಾತ್ರ ಇರಲಿಲ್ಲ, ಇಡೀ ನಾಡಿನ ರೈತರ ಬೆನ್ನ ಮೇಲೆ ಇತ್ತು.

1829ರ ಫೆಬ್ರವರಿಯಲ್ಲಿ ಚನ್ನಮ್ಮಾಜಿ ಸೆರೆಯಲ್ಲೇ ಲಿಂಗೈಕ್ಯರಾದರು. ಆಗಲಾದರೂ ಋಣ ಹರಿಯಿತು ಅನ್ನಬಹುದಿತ್ತು. ರಾಯಣ್ಣ ಹಾಗೆ ಅನ್ನಲಿಲ್ಲ. ದತ್ತಕ ಮಗ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಯ ಮೇಲೆ ಕೂಡಿಸಬೇಕೆಂದು ಪಣ ತೊಟ್ಟು ಜನ ಕೂಡಿಸಿದ. ಬೀಡಿ, ನಂದಗಡ, ಖಾನಾಪುರ, ಸಂಪಗಾವಿಯ ಕಡೆ ಸರಕಾರದ ಕಚೇರಿಗಳಿಗೆ ನಿದ್ದೆ ಇಲ್ಲದಂತೆ ಮಾಡಿದ.

ಬಂಧುಗಳೇ, ಭಕ್ತಿ ಎಂದರೇನು? ಜಾತ್ರೆಯಲ್ಲಿ ಸಾವಿರ ಜನರ ನಡುವೆ ಕೈ ಮುಗಿಯುವುದು ಸುಲಭ. ಯಾರೂ ನೋಡದ ಮನೆಯ ಮೂಲೆಯಲ್ಲಿ, ಅಂಗೈಯ ಲಿಂಗದ ಮೇಲೆ ದೃಷ್ಟಿ ಅಲುಗದೆ ನಿಲ್ಲುವುದು ಕಷ್ಟ. ಸೇವೆಯೂ ಹಾಗೆಯೇ. ಒಡೆಯರು ಗದ್ದುಗೆಯ ಮೇಲಿದ್ದಾಗ ನಿಷ್ಠೆ ತೋರುವವರು ಬಹಳ. ಒಡೆಯರು ಮಣ್ಣಾದ ಮೇಲೂ ಅದೇ ನಿಷ್ಠೆಯಿಂದ ನಡೆದವನು ರಾಯಣ್ಣ. ಅವನು ಹಾಲುಮತದ ಮಗ. ಅವನ ಕೊರಳಲ್ಲಿ ಏನಿತ್ತು ಎಂದು ನಾವು ಕೇಳುವುದಿಲ್ಲ; ಎದೆಯಲ್ಲಿ ಏನಿತ್ತು ಎಂಬುದು ಲೋಕಕ್ಕೆ ಗೊತ್ತಿದೆ. ಅವನ ಜೊತೆಗೆ ಬಿಚ್ಚುಗತ್ತಿ ಚನ್ನಬಸಪ್ಪ ಇದ್ದ, ಗಜವೀರನೆಂಬ ಸಿದ್ದಿ ಇದ್ದ. ಬೆಂಕಿಯ ಮುಂದೆ ಒಟ್ಟಿಗೆ ಕುಳಿತವರು ಜಾತಿ ಕೇಳಲಿಲ್ಲ. ಇಂದು ಅವನನ್ನು ಒಂದು ಜಾತಿಯ ಮನೆಯೊಳಗೆ ಕೂಡಿಹಾಕಿ ಚಿಲಕ ಹಾಕಿದರೆ ನಾವು ಅವನನ್ನು ಎರಡನೆಯ ಸಲ ಸೆರೆಗೆ ಹಾಕಿದಂತೆ.

ಮಠದಲ್ಲಿ ಕುಳಿತು ಖಡ್ಗವನ್ನು ಹೊಗಳಬಹುದೇ ಎಂದು ಕೆಲವರು ಕೇಳುತ್ತೀರಿ. ಕೊಲ್ಲಬೇಡವೆಂದು ಹೇಳಿದ ಶರಣರ ಮಕ್ಕಳು ನಾವು. ಖಡ್ಗವನ್ನು ನಾವು ಹೊಗಳುವುದಿಲ್ಲ. ತನ್ನ ಸ್ವಂತಕ್ಕೆ ಒಂದು ಗೇಣು ನೆಲವನ್ನೂ ಬೇಡದೆ ಪ್ರಾಣ ಇಟ್ಟವನ ತ್ಯಾಗಕ್ಕೆ ತಲೆ ಬಾಗುತ್ತೇವೆ. ಇನ್ನೊಂದು ಮಾತನ್ನೂ ಮರೆಯಬೇಡಿ. 1830ರ ಏಪ್ರಿಲ್‌ನಲ್ಲಿ ಅವನು ಸಿಕ್ಕಿದ್ದು ಫಿರಂಗಿಗೆ ಅಲ್ಲ, ನಮ್ಮವರ ದ್ರೋಹಕ್ಕೆ. ಹಿಡಿದುಕೊಟ್ಟ ಕೈಗಳೂ ಈ ಮಣ್ಣಿನವೇ. ಪ್ರತಿಮೆಗೆ ಮಾಲೆ ಹಾಕುವಾಗ ನಮ್ಮ ಕೈಗಳನ್ನು ಒಮ್ಮೆ ನೋಡಿಕೊಳ್ಳಬೇಕು.

ನಂದಗಡದಲ್ಲಿ ಅವನ ಸಮಾಧಿಯ ಮೇಲೆ ಒಂದು ಆಲದ ಮರ ಇದೆ. ಗೆಳೆಯ ಚನ್ನಬಸಪ್ಪನೇ ಅದರ ಸಸಿ ನೆಟ್ಟನೆಂದು ಪ್ರತೀತಿ. ಮಕ್ಕಳಿಲ್ಲದ ತಾಯಂದಿರು ಹೋಗಿ ಅಲ್ಲಿ ತೊಟ್ಟಿಲು ಕಟ್ಟಿ ಬೇಡಿಕೊಳ್ಳುತ್ತಾರೆ. ಯೋಚಿಸಿ ನೋಡಿ: ಒಂದು ಆಲದ ಮರಕ್ಕೆ ಸರಕಾರ ನೇಣು ಕಟ್ಟಿತು, ಇನ್ನೊಂದು ಆಲದ ಮರಕ್ಕೆ ಜನ ತೊಟ್ಟಿಲು ಕಟ್ಟಿದರು. ಸಾವಿಗೆ ನಮ್ಮ ಜನ ಕೊಟ್ಟ ಉತ್ತರ ಇದು. ಶರಣರು ಮರಣವನ್ನು ಹಬ್ಬವೆಂದು ಕಂಡದ್ದು ಇದೇ ಅರ್ಥದಲ್ಲಿ.

ಸಂಗೊಳ್ಳಿಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆ ಸವದತ್ತಿಯ ನವಿಲುತೀರ್ಥಕ್ಕೆ ಬರುತ್ತಾಳೆ, ರಾಮದುರ್ಗವನ್ನು ಮುಟ್ಟುತ್ತಾಳೆ, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿ ಬಸವಣ್ಣನವರ ಐಕ್ಯಸ್ಥಳ. ರಾಯಣ್ಣನ ಊರಿನ ನೀರು ಬಸವಣ್ಣನ ಪಾದಕ್ಕೆ ಹೋಗಿ ಸೇರುವಾಗ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಈ ಸಭೆಯಲ್ಲಿ ದಂಡಿನಲ್ಲಿ ದುಡಿದು ಬಂದ ಹಿರಿಯರು ಕುಳಿತಿದ್ದಾರೆ. ನಮ್ಮ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರು ಕಡಿಮೆ ಇಲ್ಲ. ಅವರಲ್ಲಿ ಒಬ್ಬರು ತೀರಿಕೊಂಡ ದಿನ ಊರೆಲ್ಲ ಮೆರವಣಿಗೆಗೆ ಬರುತ್ತದೆ. ಮರುತಿಂಗಳು ಆ ಮನೆಯ ತಾಯಿ ಕಾಗದ ಹಿಡಿದುಕೊಂಡು ಕಚೇರಿಗೆ ಅಲೆಯುವಾಗ ಜೊತೆಗೆ ಹೋಗಲು ಎಷ್ಟು ಜನ ಇರುತ್ತೀರಿ? ಅವರ ಹೊಲದ ಬದುವನ್ನು ಒತ್ತಿದವನಿಗೆ ಬುದ್ಧಿ ಹೇಳಲು ಎಷ್ಟು ಜನ ಇರುತ್ತೀರಿ? ಕೆಂಚಮ್ಮನ ಬೆನ್ನ ಮೇಲಿನ ಕಲ್ಲು ಇಳಿಸುವ ಕೆಲಸ ಇನ್ನೂ ಮುಗಿದಿಲ್ಲ. ಅದಕ್ಕೆ ಕೈ ಹಚ್ಚುವುದೇ ರಾಯಣ್ಣನ ನಿಜವಾದ ಸ್ಮರಣೆ, ಅದೇ ಕಾಯಕ, ಅದೇ ಪೂಜೆ.

ಆ ಬುದ್ಧಿಯನ್ನೂ ಬಲವನ್ನೂ ಗುರುಬಸವಣ್ಣ ನಮಗೂ ನಿಮಗೂ ಕರುಣಿಸಲಿ.