ಸೆರೆಮನೆಯ ಸಂಜೆ ಲೆಕ್ಕ

(ಹೊಸಪೇಟೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಳೆಗಾಲ ಬಂತೆಂದರೆ ಈ ಊರಿನಲ್ಲಿ ಪತ್ರಿಕೆ ಕೈಗೆ ಸಿಕ್ಕೊಡನೆ ಮೊದಲು ನೋಡುವುದು ತುಂಗಭದ್ರಾ ಜಲಾಶಯದ ಅಂಕಿಗಳನ್ನು. ಗರಿಷ್ಠ ಮಟ್ಟ 1633 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಂದು ದಿನ ಮಟ್ಟವನ್ನಷ್ಟೇ ಅಚ್ಚು ಹಾಕಿ ಒಳಹರಿವನ್ನು ಬಿಟ್ಟರೆ ಕಂಪ್ಲಿಯ ಭತ್ತದ ರೈತ ಪತ್ರಿಕೆಯವರನ್ನು ಸುಮ್ಮನೆ ಬಿಟ್ಟಾನೆಯೇ? ಸೆರೆಮನೆಗಳ ವಿಷಯದಲ್ಲಿ ಮಾತ್ರ ನಾವು ಮಟ್ಟವೊಂದನ್ನೇ ಓದಿ ಪುಟ ಮಗುಚುತ್ತೇವೆ. ಒಳಗೆ ಯಾರು ಬಂದರು, ಎಷ್ಟು ದಿನ ಇದ್ದರು, ಹೇಗೆ ಹೊರಗೆ ಹೋದರು ಎಂದು ಕೇಳುವವರು ಕಡಿಮೆ. ಇಂದು ಆ ಲೆಕ್ಕದ ಬಗ್ಗೆ ನಾಲ್ಕು ಮಾತು ಆಡುತ್ತೇನೆ.

ಪಕ್ಕದ ಹಂಪಿಯಿಂದಲೇ ಆರಂಭಿಸೋಣ. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಇಲ್ಲಿಯ ಕಚೇರಿಗಳನ್ನು ಕಂಡು ಬೆರಗಾದವನು. ಗರಿಯ ಮೇಲೆ ಕಬ್ಬಿಣದ ಕಂಠದಿಂದ ಬರೆಯುವ ರೀತಿಯನ್ನೂ, ಕಪ್ಪು ಬಳಿದ ಹಾಳೆಯ ಮೇಲೆ ಬಿಳಿಯ ಮೆದುಗಲ್ಲಿನಿಂದ ಬರೆಯುವ ರೀತಿಯನ್ನೂ ಅವನು ವಿವರಿಸಿದ್ದಾನೆ. ಎರಡನೆಯದು ನಮ್ಮ ಕಡತವಲ್ಲದೆ ಬೇರೇನಲ್ಲ. ನಗರರಕ್ಷಕರು ಹನ್ನೆರಡು ಸಾವಿರ, ಅವರ ದಿನದ ಸಂಬಳ ಹನ್ನೆರಡು ಸಾವಿರ ಪಣ ಎಂಬ ಲೆಕ್ಕವನ್ನೂ ಕೊಟ್ಟಿದ್ದಾನೆ. ಕಾಯುವವರ ಸಂಖ್ಯೆ ಇದೆ, ಕೈದಿಗಳ ಸಂಖ್ಯೆ ಇಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಳವು ಮಾಡಿದವನ ಕೈಕಾಲು ಕತ್ತರಿಸುತ್ತಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಶಿಕ್ಷೆ ದೇಹದ ಮೇಲೆ ಬಿದ್ದು ಅಲ್ಲಿಗೇ ಮುಗಿಯುವಾಗ ಜನರನ್ನು ವರ್ಷಗಟ್ಟಲೆ ಕೂಡಿಹಾಕಿ ಎಣಿಸುವ ಅಗತ್ಯ ಎಲ್ಲಿಂದ ಬಂತು? ಸೆರೆಗೆ ಬೀಳುತ್ತಿದ್ದವರು ದೊಡ್ಡವರು. ಮಗನ ಸಾವಿಗೆ ಕಾರಣನೆಂಬ ಸಂಶಯದಿಂದ ಕೃಷ್ಣದೇವರಾಯ ತನ್ನ ಮಂತ್ರಿ ತಿಮ್ಮರಸನನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿದನೆಂದು ಹೇಳುವವನೂ ಇದೇ ನೂನಿಜ್. ಹೀಗೆ ಹಂಪಿಯ ಬಂದಿಗಳಲ್ಲಿ ಒಬ್ಬಿಬ್ಬರ ಹೆಸರು ನಮಗೆ ಗೊತ್ತು, ಸಂಖ್ಯೆ ಗೊತ್ತಿಲ್ಲ. ಇಂದು ಸ್ಥಿತಿ ತಿರುಗಿದೆ.

ಎಣಿಕೆ ಬಂದದ್ದು ಸೆರೆವಾಸವೇ ಮುಖ್ಯ ಶಿಕ್ಷೆಯಾದ ಮೇಲೆ, ಕಂಪನಿ ಸರ್ಕಾರದ ಕಾಲದಲ್ಲಿ. ಮೆಕಾಲೆ ಸದಸ್ಯನಾಗಿದ್ದ ಸೆರೆಮನೆ ಶಿಸ್ತಿನ ಸಮಿತಿ 1838ರಲ್ಲಿ ವರದಿ ಕೊಟ್ಟಿತು. ಮುಂದೆ ಪ್ರತಿ ಪ್ರಾಂತ್ಯವೂ ವರ್ಷಕ್ಕೊಂದು ಜೈಲು ಆಡಳಿತ ವರದಿ ಅಚ್ಚು ಹಾಕತೊಡಗಿತು. ಅದರ ಬೆನ್ನೆಲುಬು ‘ದಿನದ ಸರಾಸರಿ’ ಎಂಬ ಅಂಕಿ. ಸಂಜೆ ಬೀಗ ಹಾಕುವ ಮುನ್ನ ತಲೆ ಎಣಿಸುತ್ತಾರೆ. ವರ್ಷದ ಎಲ್ಲ ಸಂಜೆಗಳ ಲೆಕ್ಕವನ್ನು ಕೂಡಿ 365ರಿಂದ ಭಾಗಿಸುತ್ತಾರೆ. ಜೊತೆಗೆ ರೋಗ, ಸಾವು, ತಲಾ ಊಟ ಬಟ್ಟೆಯ ಖರ್ಚು. ಖಜಾನೆಗೆ ಬೇಕಾದ ಲೆಕ್ಕವದು. ಅನ್ನದ ತೂಕ ತಿಳಿಯಲು ಸರಾಸರಿ ಸಾಕು, ಉಂಡವರು ಯಾರೆಂದು ತಿಳಿಯಲು ಸಾಲದು.

ಈ ಮಾತಿಗೆ ಬಳ್ಳಾರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತಷ್ಟೆ. ಮದ್ರಾಸಿನವರ ಕಣ್ಣಿಗೆ ಬಳ್ಳಾರಿ ದೂರದ, ಬಿಸಿಲಿನ, ಭಾಷೆ ಬಾರದ ಊರು. ಸರ್ಕಾರಕ್ಕೆ ಬೇಡವಾದವರನ್ನು ಇಡಲು ಹೇಳಿ ಮಾಡಿಸಿದ ಜಾಗ. 1921ರ ಮಲಬಾರ್ ಬಂಡಾಯದ ಮಾಪಿಳ್ಳೆ ಕೈದಿಗಳನ್ನು ಇಲ್ಲಿಗೆ ತಂದರು. 1930ರ ಉಪ್ಪಿನ ಸತ್ಯಾಗ್ರಹದ ಅನಂತರ ಕಾಮರಾಜ್ ಇದ್ದದ್ದು ಇಲ್ಲಿಯ ಅಲ್ಲೀಪುರ ಜೈಲಿನಲ್ಲಿ. ಹಿಂದಿ ವಿರೋಧಿ ಚಳವಳಿಯಲ್ಲಿ ಬಂಧಿತರಾದ ಪೆರಿಯಾರ್ 1939ರಲ್ಲಿ ಬಳ್ಳಾರಿ ಜೈಲಿನಲ್ಲಿದ್ದರು. ಆ ವರ್ಷಗಳ ಅಂಕಿಯನ್ನು ಮಾತ್ರ ನೋಡಿದವನು ಬಳ್ಳಾರಿ ಜಿಲ್ಲೆಯಲ್ಲಿ ಅಪರಾಧ ಏಕಾಏಕಿ ಹೆಚ್ಚಿತೆಂದು ತೀರ್ಮಾನಿಸಿದರೆ ಆಶ್ಚರ್ಯವಿಲ್ಲ. ಜೈಲಿನ ಸಂಖ್ಯೆ ಜೈಲು ಎಲ್ಲಿದೆ ಎಂಬುದನ್ನು ಹೇಳುತ್ತದೆ; ಅಪರಾಧ ಎಲ್ಲಿದೆ ಎಂಬುದನ್ನಲ್ಲ.

ಲೆಕ್ಕಕ್ಕೆ ಸೇರದೆ ಹೋದವರೂ ಇದ್ದಾರೆ. 1921ರ ನವೆಂಬರಿನಲ್ಲಿ ತಿರೂರಿನಿಂದ ಬಳ್ಳಾರಿ ಜೈಲಿಗೆಂದು ಮುಚ್ಚಿದ ಗೂಡ್ಸ್ ಡಬ್ಬಿಯೊಂದರಲ್ಲಿ ಕೈದಿಗಳನ್ನು ತುಂಬಿ ಕಳಿಸಿದರು. ದಾರಿಯಲ್ಲಿ ಗಾಳಿಯಿಲ್ಲದೆ ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಸತ್ತವರು ಬಳ್ಳಾರಿಯ ಸಂಜೆ ಲೆಕ್ಕದಲ್ಲಿ ಒಂದು ಅಂಕಿಯೂ ಆಗಲಿಲ್ಲ. ಇನ್ನು, 1911ರ ಕಾಯ್ದೆಯೊಂದಿಗೆ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರಚ ಮೊದಲಾದ ಸಮುದಾಯಗಳ ಜನ ಠಾಣೆಗೆ ಹಾಜರಿ ಕೊಟ್ಟು, ಅಪ್ಪಣೆಯಿಲ್ಲದೆ ಊರು ಬಿಡದೆ ಬದುಕಬೇಕಾಯಿತು. ಅವರು ಜೈಲಿನಲ್ಲಿ ಇರಲಿಲ್ಲ, ಆದ್ದರಿಂದ ಬಂದಿಗಳ ಪಟ್ಟಿಯಲ್ಲಿಲ್ಲ. ಸ್ವತಂತ್ರರಾಗಿದ್ದರೆಂದು ಹೇಳುವುದಾದರೂ ಹೇಗೆ? ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ.

ನಮ್ಮ ಸೀಮೆಯ ಲೆಕ್ಕಕ್ಕೆ ಇನ್ನೊಂದು ತೊಡಕು ಗಡಿಗಳದು. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ. ಅದರ ಆಡಳಿತ ಬೇರೆ, ಲೆಕ್ಕ ಬೇರೆ. 1949ರಲ್ಲಿ ಅದು ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಇತ್ತ ಉಳಿದವು. ಒಂದು ಕಾಲಕ್ಕೆ ಹೊಸಪೇಟೆ ತಾಲ್ಲೂಕಿನದೇ ಆಗಿದ್ದ ಕಂಪ್ಲಿಯೂ, ಸಂಡೂರೂ ಬಳ್ಳಾರಿಯಲ್ಲೇ ನಿಂತವು. ನೂರು ವರ್ಷಗಳ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು ಹೋಲಿಸುವವರು ಇದನ್ನು ಮರೆಯುವಂತಿಲ್ಲ.

ಈಗಿನ ವ್ಯವಸ್ಥೆಗೆ ಬರೋಣ. ಸೆರೆಮನೆ ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯ. ಆದರೆ ಅಂಕಿ ಅಂಶಗಳನ್ನು ಒಟ್ಟುಗೂಡಿಸುವುದು 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. 1995ನೇ ವರ್ಷದಿಂದ ಅದು ಕಾರಾಗೃಹ ಅಂಕಿ ಅಂಶಗಳ ಪ್ರತ್ಯೇಕ ಸಂಪುಟ ತರುತ್ತಿದೆ. ಎಣಿಕೆಯ ದಿನ ಡಿಸೆಂಬರ್ 31. 2022ರ ಆ ದಿನ ದೇಶದ 1,330 ಜೈಲುಗಳಲ್ಲಿ 4,36,266 ಜನಕ್ಕೆ ಜಾಗವಿತ್ತು, ಇದ್ದವರು 5,73,220. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಐದು ವರ್ಷಕ್ಕಿಂತ ಹೆಚ್ಚು ಕಾಲ ಹಾಗೇ ಇದ್ದವರು 11 ಸಾವಿರಕ್ಕೂ ಮೇಲ್ಪಟ್ಟು.

ಬ್ಯೂರೊವನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. ವರ್ಷದಲ್ಲಿ ಒಳಬಂದವರ, ಹೊರಹೋದವರ ಕೋಷ್ಟಕಗಳೂ ಅದೇ ಸಂಪುಟದಲ್ಲಿವೆ. ಅಷ್ಟು ಹಿಂದಿನ ಪುಟಗಳವರೆಗೆ ನಾವು ಹೋಗುವುದಿಲ್ಲ. ಆದರೆ ಮುಖ್ಯ ಕೋಷ್ಟಕಗಳೆಲ್ಲ ರಾಜ್ಯವಾರು. ಕರ್ನಾಟಕದ ಸಾಲಿನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರವೂ ನಮ್ಮ ತಾಲ್ಲೂಕುಗಳೂ ಬೆರೆತುಹೋಗುತ್ತವೆ. ಹದಿನೈದು ದಿನ ಒಳಗಿದ್ದು ನವೆಂಬರಿನಲ್ಲಿ ಹೊರಬಂದವನು ಡಿಸೆಂಬರ್ 31ರ ಅಂಕಿಯಲ್ಲಿ ಇಲ್ಲವೇ ಇಲ್ಲ. ಆ ಹದಿನೈದು ದಿನದಲ್ಲಿ ಅವನ ಕೂಲಿ ಹೋಯಿತು, ಸಾಲ ಬೆಳೆಯಿತು, ಮಗು ಶಾಲೆ ಬಿಟ್ಟಿತು ಎಂಬುದಕ್ಕೆ ಅಂಕಣವೇ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ನ್ಯಾಯಾಲಯದ ಆವರಣದಲ್ಲಿ ಕಂಪ್ಲಿ ಕಡೆಯ ಮುದುಕಿಯೊಬ್ಬಳು ಹೋಗಿಬರುವವರನ್ನೆಲ್ಲ ‘ಯಪ್ಪಾ, ನಿನ್ನ ಹತ್ರ ಪಾಣಿ ಐತೇನು?’ ಎಂದು ಕೇಳುತ್ತ ನಿಂತಿದ್ದಳು. ನೀರು ಕೇಳುತ್ತಾಳೆಂದು ನಾನು ಬಾಟಲಿ ಚಾಚಿದೆ. ಅವಳು ಕೇಳಿದ್ದು ಪಹಣಿ. ಮಗನಿಗೆ ಜಾಮೀನು ಮಂಜೂರಾಗಿತ್ತು. ಜಾಮೀನು ನಿಲ್ಲುವವರು ಆಸ್ತಿಯ ದಾಖಲೆ ತರಬೇಕಿತ್ತು. ಕಬ್ಬು ಕಡಿದು ಬದುಕುವ ಕುಟುಂಬಕ್ಕೆ ಪಹಣಿ ಎಲ್ಲಿಯದು? ಸಂಡೂರಿನ ಗಣಿಗಳಿಗೆ ದೂರದ ಊರುಗಳಿಂದ ಬಂದ ಕೂಲಿಯವರ ಗತಿಯೂ ಇದೇ. ಹೀಗೆ ಆದೇಶ ಕೈಯಲ್ಲಿದ್ದೂ ಒಳಗೇ ಉಳಿದವನು ಸಂಪುಟದಲ್ಲಿ ಬರಿಯ ‘ವಿಚಾರಣಾಧೀನ’.

ಲೆಕ್ಕದಿಂದ ಬೀಗ ತೆರೆಯುವುದಿಲ್ಲವೆಂದಲ್ಲ. 1979ರ ಜನವರಿಯಲ್ಲಿ ಕೆ.ಎಫ್. ರುಸ್ತುಂಜಿ ಅವರು ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬಿಹಾರದ ವಿಚಾರಣಾಧೀನರ ಬಗ್ಗೆ ಬರೆದರು. ಅದನ್ನಾಧರಿಸಿ ಹುಸ್ಸೇನಾರಾ ಖಾತೂನ್ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರು ಯಾವತ್ತಿನಿಂದ ಇದ್ದಾರೆ ಎಂಬ ಪಟ್ಟಿಯನ್ನು ಕೋರ್ಟು ಕೇಳಿದಾಗ, ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಒಳಗಿದ್ದವರು ಬೆಳಕಿಗೆ ಬಂದರು. ಒಟ್ಟು ಮೊತ್ತದಿಂದ ಅದು ಎಂದಿಗೂ ತಿಳಿಯುತ್ತಿರಲಿಲ್ಲ. ಹೆಸರು ಮತ್ತು ತಾರೀಖಿನಿಂದ ತಿಳಿಯಿತು.

ಯಾವ ಅಂಕಣ ಇರಬೇಕು ಎಂಬುದೂ ಸುಲಭದ ಪ್ರಶ್ನೆಯಲ್ಲ. 2016ರ ಸಂಪುಟದಲ್ಲಿ ಜಾತಿ, ಧರ್ಮದ ಕೋಷ್ಟಕಗಳೇ ಇರಲಿಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನ ರಿಜಿಸ್ಟರುಗಳಿಂದ ಜಾತಿಯ ಅಂಕಣವನ್ನು ತೆಗೆಯಬೇಕೆಂದು ಆದೇಶಿಸಿತು. ಜಾತಿ ನೋಡಿ ಕಸಬರಿಗೆಯನ್ನೋ ಸೌಟನ್ನೋ ಕೈಗೆ ಕೊಡುವ ಕೈಪಿಡಿಯ ನಿಯಮಗಳನ್ನು ಹೊಡೆದುಹಾಕಿತು. ಬ್ಯೂರೊದ ಅಂಕಿ ಸಂಗ್ರಹಕ್ಕೆ ಇದು ಅಡ್ಡಿಯಲ್ಲವೆಂದು ಅನಂತರ ಸ್ಪಷ್ಟಪಡಿಸಿತು. ನನಗೆ ಎರಡೂ ಸರಿಯೆನಿಸುತ್ತದೆ. ಕೆಲಸ ಹಂಚುವ ಜೈಲರನ ಕೈಯಲ್ಲಿ ಆ ಅಂಕಣ ಬೇಡ. ಯಾವ ಜನ ಹೆಚ್ಚಾಗಿ ಒಳಗೆ ಬೀಳುತ್ತಿದ್ದಾರೆಂದು ಕೇಳುವ ನಾಗರಿಕನಿಗೆ ಬೇಕು.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಅರ್ಧ ಕಾಲ ಒಳಗೆ ಕಳೆದ ವಿಚಾರಣಾಧೀನನನ್ನು ಜಾಮೀನಿನ ಮೇಲೆ ಬಿಡಬೇಕು. ಮೊದಲ ಸಲ ಸಿಕ್ಕಿದವನಾದರೆ ಮೂರನೆಯ ಒಂದು ಭಾಗವೇ ಸಾಕು. ಬೇರೆ ಪ್ರಕರಣಗಳೂ ಇದ್ದವರಿಗೆ ಇದು ಸಿಗುವುದಿಲ್ಲ. ಅರ್ಜಿ ಹಾಕಬೇಕಾದವನು ಜೈಲಿನ ಅಧೀಕ್ಷಕನೇ. ಹಳೆಯ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜಾಮೀನಿನ ಹಣವಿಲ್ಲದವರಿಗಾಗಿ 2023ರಲ್ಲಿ ಕೇಂದ್ರದ ಯೋಜನೆಯೊಂದು ಬಂದಿದೆ. ವಿಚಾರಣಾಧೀನನೊಬ್ಬನಿಗೆ ಆರಂಭದಲ್ಲಿ 40,000 ರೂಪಾಯಿವರೆಗೆ ನೆರವು ಇತ್ತು. ನಿಮ್ಮ ಓಣಿಯಲ್ಲಿ, ನಿಮ್ಮ ಗದ್ದೆಯಲ್ಲಿ, ನಿಮ್ಮ ಗಣಿಯಲ್ಲಿ ಯಾರ ಮನೆಯವರಾದರೂ ಒಳಗಿದ್ದರೆ ಅವರಿಗೆ ಈ ಎರಡು ಸಂಗತಿ ತಿಳಿಸಿ. ಒಳಹೋದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು ಹೇಳಿ.